ಮೂರನೇ ಸಿಲಿಂಡರ್ ಮತ್ತು ಮಾತು ಬಿಟ್ಟ ಅಣ್ಣ

ಮೂರು ತಿಂಗಳಿಂದ ನನ್ನ ಹಳೇ ಡೀಸೆಲ್ ಕಾರು ಕುಂಟುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೇರಿಂಗ್ ಕೈಯಲ್ಲೇ ನಡುಗುವುದು, ಹಿಂದಿನಿಂದ ಬಿಳಿ ಹೊಗೆ ಏಳುವುದು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಫಿಲ್ಟರ್ ಬದಲಿಸಿದೆ, ಡೀಸೆಲ್ ಹಾಕಿಸುವ ಬಂಕ್ ಬದಲಿಸಿದೆ, ಕೊನೆಗೆ ಮೆಕ್ಯಾನಿಕ್ಕನ್ನೂ ಬದಲಿಸಿದೆ. ಎರಡನೆಯವನು "ಇಂಜಿನ್ನೇ ಹೋಗಿದೆ, ಗುಜರಿಗೆ ಹಾಕ್ಬಿಡು ಗುರು" ಎಂದ. ಅವನ ಜೊತೆ ಜಗಳವಾಡಿಕೊಂಡು ನಮ್ಮೂರು ನಂದಗುಡಿಯ ದಾರಿ ಹಿಡಿದೆ.

ಸೋಮವಾರ ಹೊಸಕೋಟೆಯ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಅದರ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಾನು ಬಾನೆಟ್ ಎತ್ತಿ ಬೈಯುತ್ತ ನಿಂತಿದ್ದನ್ನು ಜಗಲಿಯಿಂದ ನೋಡಿದ ಅಮ್ಮ, ನನ್ನನ್ನು ಒಂದು ಮಾತೂ ಕೇಳದೆ ಪಕ್ಕದ ಮನೆಯ ಕಡೆ ತಿರುಗಿ ಅಣ್ಣನನ್ನು ಕೂಗಿದಳು.

ಪಕ್ಕದ ಮನೆ ಎಂದರೆ ನಮ್ಮದೇ ಮನೆಯ ಇನ್ನರ್ಧ, ನಡುವೆ ಒಂದು ಗೋಡೆ. ಅಣ್ಣನೂ ನಾನೂ ಮಾತು ಬಿಟ್ಟು ಎರಡು ವರ್ಷ. ಯಾವುದೋ ಯೋಜನೆಗೆ ಜಮೀನು ಕೇಳಿಕೊಂಡು ಬಂದವರ ಮುಂದೆ, ಊರವರೆಲ್ಲ ಸೇರಿದ್ದ ಕಡೆ, ಅಣ್ಣ "ಕೊಡಲ್ಲ" ಎಂದ. ಅವನ ಪಕ್ಕದಲ್ಲೇ ನಿಂತಿದ್ದ ನಾನು "ಕೊಡೋಣ" ಎಂದೆ. ಮನೆಯಲ್ಲಿ ಹೇಳಬಹುದಿತ್ತು. ಹತ್ತು ಜನರ ಎದುರು ತಮ್ಮ ತನ್ನ ಮರ್ಯಾದೆ ಇಳಿಸಿಬಿಟ್ಟ ಎಂದು ಅವನಿಗಾಯಿತು. ಜಮೀನಿನ ವಿಷಯ ಇವತ್ತಿಗೂ ಇತ್ಯರ್ಥವಾಗಿಲ್ಲ. ನನಗೋ ಅವನ ಜೊತೆ ಮಾತಾಡಬೇಕೆಂಬ ಆಸೆ ಇದ್ದೇ ಇತ್ತು, ಮೊದಲು ಬಾಯಿ ಬಿಡಲು ಮಾತ್ರ ಬಿಂಕ.

ಹಿಂದೆ ನಮ್ಮ ಬಾವಿಯ ಡೀಸೆಲ್ ಇಂಜಿನ್ನನ್ನು ಬಿಚ್ಚಿ ಕಟ್ಟುತ್ತಿದ್ದವನು ಅಣ್ಣನೇ. ಹೆಗಲ ಮೇಲೆ ಟವಲ್, ಕೈಯಲ್ಲಿ ಎರಡು ಸ್ಪ್ಯಾನರ್ ಹಿಡಿದು ಬಂದ. ನನ್ನ ಮುಖ ನೋಡಲಿಲ್ಲ.

"ಅಮ್ಮಾ, ಸ್ಟಾರ್ಟ್ ಮಾಡಕ್ ಹೇಳು."

ನಾನು ಎರಡು ಮಾರು ದೂರದಲ್ಲೇ ಇದ್ದೆ. ಆದರೂ ಮಾತು ಬಿಟ್ಟವರ ಪದ್ಧತಿಯೇ ಹಾಗೆ. ಅಮ್ಮ ನನ್ನ ಕಡೆ ತಿರುಗಿ, "ಸ್ಟಾರ್ಟ್ ಮಾಡ್ಬೇಕಂತೆ" ಎಂದಳು. ಮಾಡಿದೆ. ಅಣ್ಣ ಒಂದೊಂದೇ ಸಿಲಿಂಡರಿಗೆ ಡೀಸೆಲ್ ಒಯ್ಯುವ ಪೈಪಿನ ನಟ್ಟನ್ನು ಸಡಿಲಿಸಿ ನೋಡುವವನಿದ್ದ. ಕೆಲಸ ಮಾಡುವ ಸಿಲಿಂಡರಾದರೆ ಡೀಸೆಲ್ ತಪ್ಪಿದ ಕೂಡಲೇ ಇಂಜಿನ್ ಮುಗ್ಗರಿಸುತ್ತದೆ. ಆಗಲೇ ಸತ್ತಿರುವುದಕ್ಕೆ ಡೀಸೆಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಸದ್ದು ಬದಲಾಗುವುದಿಲ್ಲ.

ಮೊದಲನೆಯ ನಟ್ಟು ಸಡಿಲಿಸಿ, "ಅಮ್ಮಾ, ಸ್ವಲ್ಪ ಆಕ್ಸಿಲರೇಟರ್ ಕೊಡಕ್ ಹೇಳು" ಎಂದ. ಅಮ್ಮ ಅದನ್ನು ನನಗೆ ದಾಟಿಸುವಷ್ಟರಲ್ಲಿ ಇಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್. ಈ ಸಲ "ಬಿಡಕ್ ಹೇಳು" ಎಂದದ್ದು ತಡವಾಗಿ ಬಂದು, ಡೀಸೆಲ್ ಅಣ್ಣನ ಅಂಗಿಗೆಲ್ಲ ಚಿಮ್ಮಿತು.

"ಕಣ್ಣಂತೂ ಮಂಜು, ಬಾಯೂ ನಂದೇ ಸವೀಬೇಕಾ? ಏನಾರ ಮಾಡ್ಕೊಂಡು ಸಾಯ್ರಿ" ಎಂದು ಅಮ್ಮ ಎದ್ದು ಒಳಗೆ ಹೋಗಿಬಿಟ್ಟಳು.

ಈಗ ನಡುವೆ ಯಾರೂ ಇಲ್ಲ. ಅಣ್ಣ ಇಂಜಿನ್ನಿಗೇ ಹೇಳತೊಡಗಿದ: "ಸ್ಟಾರ್ಟ್ ಆಗು." ನಾನು ಕೀ ತಿರುಗಿಸುತ್ತಿದ್ದೆ. "ಹಂಗೇ ಇರು." ನಾನು ಕಾಲನ್ನು ಹಾಗೇ ಇಡುತ್ತಿದ್ದೆ. ನಗು ಬರಬೇಕಾದ ಜಾಗದಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು, ಎರಡು, ಎರಡಕ್ಕೂ ಇಂಜಿನ್ ಮುಗ್ಗರಿಸಿತು. ಮೂರನೆಯದನ್ನು ಸಡಿಲಿಸಿದಾಗ ಸದ್ದು ಇದ್ದ ಹಾಗೇ ಇತ್ತು. ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ. ಅಣ್ಣ ಕಿವಿಯನ್ನು ಇನ್ನೂ ಹತ್ತಿರ ಒಯ್ಯುತ್ತ ಬಗ್ಗಿದ್ದ. ಹೆಗಲಿನ ಟವಲ್ ಜಾರಿ ತಿರುಗುವ ಬೆಲ್ಟಿನ ಕಡೆ ಇಳಿಯುತ್ತಿತ್ತು, ಅದರ ಇನ್ನೊಂದು ತುದಿ ಕುತ್ತಿಗೆಗೆ ಸುತ್ತಿಕೊಂಡಿತ್ತು.

"ಅಣ್ಣಾ! ಟವಲ್!"

ಕೂಗುತ್ತಲೇ ಕೀ ತಿರುಗಿಸಿದೆ. ಇಂಜಿನ್ ನಿಂತಿತು. ಬೆಲ್ಟಿಗೆ ಸಿಕ್ಕ ಟವಲ್ಲಿನ ಅಂಚು ಚೂರಾಗಿತ್ತು, ಅಷ್ಟೇ. ಅಣ್ಣ ಟವಲ್ಲನ್ನು ತೆಗೆದು ಗೋಡೆಯ ಮೇಲೆ ಹಾಕಿ, ಬೆವರು ಒರೆಸಿಕೊಂಡು, ಮೊದಲ ಸಲ ನನ್ನನ್ನು ನೋಡಿದ.

"ಇಳಿ. ಇದನ್ನ ಹಿಡ್ಕೋ."

ಎರಡು ಮತ್ತು ಮೂರನೇ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ, ಒಂದರ ಜಾಗಕ್ಕೆ ಇನ್ನೊಂದು ಹಾಕಿದೆವು. ಸ್ಟಾರ್ಟ್ ಮಾಡಿದರೆ ಮೂರನೆಯದಕ್ಕೆ ಜೀವ ಬಂದಿತ್ತು, ಎರಡನೆಯದು ಸತ್ತಿತ್ತು. ಅಂದರೆ ಇಂಜಿನ್ ಗಟ್ಟಿಯಾಗೇ ಇತ್ತು. ಕೆಟ್ಟಿದ್ದದ್ದು ಆ ಇಂಜೆಕ್ಟರಿನ ತುದಿಯಲ್ಲಿ ಡೀಸೆಲ್ ಸಿಂಪಡಿಸುವ ಒಂದು ನಾಜಲ್.

"ಮೊದ್ಲೇ ಗೊತ್ತಿದ್ದಂಗೆ ಬಂದ್ಬಿಟ್ಟೆ ಬಿಡಣ್ಣ" ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

"ಗೊತ್ತಿತ್ತು ಕಣೋ. ಮೂರು ತಿಂಗ್ಳಿಂದ ಗೋಡೆ ಆಚೆ ಕೂತ್ಕೊಂಡು ಕೇಳಿಸ್ಕೊಂತಾನೇ ಇದೀನಿ. ನಾಕ್ರಲ್ಲಿ ಒಂದು ಹೊಡೀತಿಲ್ಲ ಅಂತ ಮೊದ್ಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಹೇಳೋದಲ್ವಾ? ಗ್ಯಾರೇಜ್ ಗ್ಯಾರೇಜ್ ಅಲೆದು ಸತ್ತೆ ನಾನು."

"ನೀನು ಕೇಳಿದ್ಯಾ?"

ದಿನಾ ಬೆಳಿಗ್ಗೆ ನಾನು ಆ ಗಾಡಿಯನ್ನು ಬೈಯುತ್ತಿದ್ದದ್ದೂ ಅವನಿಗೆ ಕೇಳಿಸಿರಬೇಕು. ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತ ನಿಂತೆ.

ಅಣ್ಣ ಬಾನೆಟ್ ಮುಚ್ಚಿ ಮುಂದಿನ ಸೀಟಿನಲ್ಲಿ ಕೂತ. "ನಡಿ, ಹೊಸಕೋಟೇಲಿ ಭಾನುವಾರಾನೂ ಅಂಗಡಿ ತೆಗೆಯೋ ಡೀಸೆಲ್ ಪಂಪ್ ರಿಪೇರಿಯವನೊಬ್ಬ ಇದಾನೆ. ನಾಜಲ್ ಹಾಕಿಸ್ಕೊಂಡ್ ಬರೋಣ. ಜಮೀನಿನ ಮಾತೆತ್ತಿದ್ರೆ ದಾರೀಲೇ ಇಳ್ಕೊಂಬಿಡ್ತೀನಿ."

ನಾನು ಎತ್ತಲಿಲ್ಲ. ಮೂರೇ ಸಿಲಿಂಡರಿನಲ್ಲಿ ಗಾಡಿ ಗಡಗಡ ಎನ್ನುತ್ತ ಹೊರಟಿತು. ಅವನು ರಾಗಿ ಹೊಲಗಳ ಕಡೆ ನೋಡುತ್ತ ಅದೂ ಇದೂ ಹೇಳುತ್ತಿದ್ದ. ಹುಟ್ಟಿದಾಗಿನಿಂದ ಅವಸರದವನಾದ ನಾನು ಆವತ್ತು ಹೊಸಕೋಟೆಯವರೆಗೂ ಬೇಕೆಂದೇ ನಿಧಾನವಾಗಿ ಓಡಿಸಿದೆ.