ಕಣ್ಣು ತೆರೆದು ಕೂತ ಐದು ನಿಮಿಷ

ಬೆಳಿಗ್ಗೆ ಎದ್ದು ನೀರು ಕಾಯಿಸಿದೆ, ಹಾಲು ಹಾಕಿಸಿಕೊಂಡೆ, ಹೆಸರುಕಾಳು ನೆನೆಹಾಕಿದೆ. ಇವರಿಗೆ ಡಬ್ಬಿ ಕಟ್ಟಿ ಕಳಿಸಿದ ಮೇಲೆ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಕ್ಕಿಯೊಳಗಿನ ಹರಳು ಆರಿಸಿದೆ. ಹನ್ನೊಂದರ ಹೊತ್ತಿಗೆ ಬಿಸಿಲು ಬಿತ್ತು. ಮಳೆಗಾಲ ಮುಗಿದ ಮೇಲೆ ಬಿದ್ದ ಮೊದಲ ನೆಟ್ಟಗಿನ ಬಿಸಿಲು. ಟ್ರಂಕು ತೆರೆದು ಉಣ್ಣೆಯವನ್ನೆಲ್ಲ ಅಂಗಳದ ತಂತಿಗೆ ಹಾಕುತ್ತ ಹೋದೆ. ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣದ ಕಂಬಳಿಯೊಂದಿತ್ತು. ಕೊಡವಿದಾಗ ಡಾಂಬರು ಗುಳಿಗೆಯ ವಾಸನೆಯ ಜೊತೆಗೆ ನೀಲಗಿರಿ ಎಣ್ಣೆಯ ವಾಸನೆಯೂ ಬಂತು.

ಅದು ನಮ್ಮ ಕಂಬಳಿಯಲ್ಲ. ಖಾನಾಪುರದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಡ್ರಿಲ್ ಮಾಸ್ತರರದು. ಮೊಣಕಾಲು ನೋವಿಗೆ ಅವರು ದಿನಾ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮರಳಿ ಕೊಡಬೇಕೆಂದು ಮಡಚಿಟ್ಟದ್ದು ಹಾಗೇ ಉಳಿದುಬಿಟ್ಟಿತು…

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಇವರಿಗೆ ಖಾನಾಪುರದ ಕಚೇರಿಯೊಂದರಲ್ಲಿ ಗುಮಾಸ್ತರ ಕೆಲಸ. ಮನೆಯಲ್ಲಿ ಇವರು, ಅತ್ತೆ, ನಾನು. ಮಾಸ್ತರರು ಪ್ರಾಯದಲ್ಲಿ ಪಲ್ಟನ್ನಿನಲ್ಲಿದ್ದು, ಆಮೇಲೆ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗಳನ್ನು ಲೋಂಡಾದ ರೈಲ್ವೆಯವರಿಗೆ ಕೊಟ್ಟಿತ್ತು. ಬೆಳಗಿನ ನಮಾಜು ಮುಗಿಸಿ ಹಿತ್ತಿಲಲ್ಲಿ ಕಂಬಳಿ ಹಾಸಿ ಆಸನ ಹಾಕುವುದು ಅವರ ರೂಢಿ. ನಮ್ಮ ಅಡುಗೆಮನೆಯ ಕಿಟಕಿಯಿಂದ ಒಮ್ಮೊಮ್ಮೆ ಅವರ ಕಾಲುಗಳು ಮಾತ್ರ ಮೇಲೆದ್ದು ಕಾಣುತ್ತಿದ್ದವು.

ಆ ವರ್ಷ ನನ್ನ ನಾದಿನಿಯನ್ನು ನಮ್ಮ ಮನೆಗೆ ತಂದು ಬಿಟ್ಟರು. ಅವಳನ್ನು ಬೆಳಗಾವಿಯ ವಡಗಾವಿಗೆ, ನೇಕಾರರ ಮನೆಗೆ ಕೊಟ್ಟಿತ್ತು. ಹೆರಿಗೆಯಾಗಿ ಕೆಲವು ತಿಂಗಳಿಗೆ, ಮಗ್ಗದ ಸಪ್ಪಳದಲ್ಲಿ ಯಾರೋ ತನ್ನನ್ನು ಆಡಿಕೊಳ್ಳುತ್ತಾರೆ ಎನ್ನತೊಡಗಿದಳಂತೆ. ಮಗ್ಗ ನಿಂತಾಗಲೂ ಆ ಮಾತು ನಿಲ್ಲಲಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು. ವರ್ಷ ತುಂಬದ ಹೆಣ್ಣು ಕೂಸನ್ನು ಅಲ್ಲೇ ಇಟ್ಟುಕೊಂಡು ಇವಳೊಬ್ಬಳನ್ನೇ ಕರೆತಂದರು. "ಆರಾಮಾಗ್ಲಿ, ದೀಪಾವಳಿಗೆ ಕೂಸಿನ್ನ ಕರಕೊಂಡ ಬರ್ತೇವಿ. ಆಮ್ಯಾಲ ನೋಡೂಣು" ಎಂದು ಅವಳ ಅತ್ತೆ ಹೇಳಿ ಹೋದರು. ಆ 'ನೋಡೂಣು' ಎಂಬ ಮಾತನ್ನೇ ಹಿಡಿದುಕೊಂಡು ನಾದಿನಿ ದಿನ ಎಣಿಸುತ್ತಿದ್ದಳು.

ಬೆಳಗಾವಿಯಲ್ಲಿ ಮನೋರೋಗದ ಡಾಕ್ಟರೊಬ್ಬರಿಗೆ ತೋರಿಸಿ ಗುಳಿಗೆ ಶುರುಮಾಡಿದೆವು. ದನಿಗಳು ಕಡಿಮೆಯಾದವು, ಪೂರಾ ಹೋಗಲಿಲ್ಲ. ಆದರೆ ಮೈ ಬಿಗಿಯಿತು, ಕೈ ನಡುಗತೊಡಗಿತು. ಬಟ್ಟಲು ಹಿಡಿದರೆ ಚಹಾ ಅರ್ಧ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು. ಓಣಿಯಲ್ಲಿ "ಧಾರವಾಡಕ್ಕ ಕಳಸ್ತಾರಂತ" ಎಂಬ ಮಾತು ಎದ್ದಿತು. ಆಗ ನಮ್ಮ ಕಡೆ ಹಾಗೆಂದರೆ ಹುಚ್ಚಾಸ್ಪತ್ರೆ ಎಂದೇ ಅರ್ಥ.

ಬಿಗಿದ ಮೈ ಸಡಿಲಾಗಲು ಆಸನ ಹೇಳಿಕೊಡುತ್ತೀರಾ ಎಂದು ಇವರು ಹೋಗಿ ಮಾಸ್ತರರನ್ನು ಕೇಳಿದರು. ಮಾಸ್ತರರು, "ನಾ ಡಾಕ್ಟರ್ ಅಲ್ಲರೀ. ಕೈಕಾಲು ಆಡಸೂದಷ್ಟ ಗೊತ್ತೈತಿ, ಅದನ್ನ ಹೇಳಿಕೊಡ್ತೇನಿ. ಗುಳಿಗಿ ಬಿಡಸ್ತೇವಿ ಅಂದ್ರ ಮಾತ್ರ ನಾ ಬರಾಂಗಿಲ್ಲ" ಎಂದರಂತೆ.

ಮರುದಿನದಿಂದಲೇ ಬಂದರು, ಹಾಸಿಕೊಳ್ಳಲು ತಮ್ಮ ಕಂಬಳಿಯನ್ನೇ ತಂದುಕೊಟ್ಟರು. ಅವಳೊಬ್ಬಳೇ ಹೇಗೆ ಎಂದು ನಾನೂ ಸೀರೆಗೆ ಕಚ್ಚೆ ಹಾಕಿ ಪಕ್ಕದಲ್ಲಿ ನಿಂತೆ. ಮಾಸ್ತರರಿಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ, "ಸಾವಧಾನ್!" ಎಂದು ಗಟ್ಟಿಯಾಗಿ ಕೂಗಿಬಿಟ್ಟರು. ಒಳಗಿನಿಂದ ಅತ್ತೆ, "ಮಾಸ್ತರ, ಸೀಟಿ ಒಂದ ಊದಬ್ಯಾಡ್ರಿ ಮತ್ತ, ಓಣಿ ಹುಡುಗ್ರೆಲ್ಲಾ ಬಂದ ಸಾಲಾಗಿ ನಿಂತಾವು" ಎಂದರು. ನಾದಿನಿ ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶವಾಸನಕ್ಕೆ ಅತ್ತೆಯ ತಕರಾರು ಬಂತು. "ಇದ್ದ ಮನ್ಯಾಗ ಹೆಣಧಂಗ ಮಲಗೂದಂದ್ರೇನು? ಬ್ಯಾರೆ ಏನರ ಹೇಳಿಕೊಡ್ರಿ." ಮಾಸ್ತರರು ಗಡ್ಡ ಕೆರೆದುಕೊಂಡು, "ಹೌದ್ರಿ ಅವ್ವಾರ. ಇವತ್ತಿಂದ ಇದಕ್ಕ ಸುಮ್ನ ಮಲಗೂದು ಅನ್ನೂಣು" ಎಂದರು. ಅತ್ತೆ ಒಪ್ಪಿದರು.

ಮೂರು ವಾರ ಚೆನ್ನಾಗಿ ನಡೆಯಿತು. ಬಿಗಿತ ಸಡಿಲವಾಯಿತು. ತಾನಾಗಿಯೇ ತಲೆ ಬಾಚಿಕೊಂಡಳು, ರೊಟ್ಟಿ ಬಡಿಯಲು ಕೂತಳು. ನಾಲ್ಕನೆಯ ವಾರ ಮಾಸ್ತರರು, ಮೈ ಆಯಿತು, ಇನ್ನು ಮನಸ್ಸು ಎಂದು ಧ್ಯಾನ ಶುರುಮಾಡಿದರು. ಕಣ್ಣು ಮುಚ್ಚಿ ಕಾಲು ಗಂಟೆ ಅಲುಗಾಡದೆ ಕೂರಬೇಕು. ಶಾಲೆಯ ಹುಡುಗರನ್ನೆಲ್ಲ ಹಾಗೇ ಕೂರಿಸಿದವರು, ಅದೇ ಕ್ರಮ ಇವಳಿಗೂ ಹೇಳಿದರು. ಅವಳು ಬೇಗ ಆರಾಮಾಗಬೇಕೆಂಬ ಆಸೆಗೆ ಅರ್ಧ ಗಂಟೆ ಕೂತಳು. ಮಧ್ಯಾಹ್ನವೂ ಕೋಣೆಯಲ್ಲಿ ಒಬ್ಬಳೇ ಕೂತಳು.

ಮೂರನೆಯ ದಿನ ಊಟ ಬಿಟ್ಟಳು. ನಾಲ್ಕನೆಯ ದಿನ ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಮನೆಯಲ್ಲಿರಲಿಲ್ಲ. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೆಳಗಾವಿಯ ಬಸ್ಸು ಹತ್ತಿ ಕೂತಿದ್ದಳು. ಕೂಸು ಅಳುತ್ತಿದೆ, ಕೇಳಿಸುತ್ತಿದೆ, ಬಿಡಿ ಎಂದು ಸೀಟಿನ ಕಂಬಿ ಹಿಡಿದು ಕೂಗುತ್ತಿದ್ದಳಂತೆ. ಗುರುತಿನ ಕಂಡಕ್ಟರೊಬ್ಬ ಇಳಿಸಿಕೊಂಡು ಮನೆಗೆ ತಂದು ಬಿಟ್ಟ. ಆ ಬಸ್ಸಿನಲ್ಲಿ ವಡಗಾವಿಯವರು ಯಾರೋ ಇದ್ದರು. ಎರಡು ದಿನಕ್ಕೆ ಅಲ್ಲಿಂದ ಸುದ್ದಿ ಬಂತು: ದೀಪಾವಳಿಗೆ ಕೂಸನ್ನು ತರುವುದಿಲ್ಲ.

ಅವಳು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯಲ್ಲಿ ಎಲ್ಲರೂ ಅವಳನ್ನೇ ಬೈದೆವು; ನಾನೂ ಬೈದೆ. ಹೇಳಿದ್ದು ಕಾಲು ಗಂಟೆ, ಕೂತದ್ದು ಅರ್ಧ ಗಂಟೆ, ಯಾರು ಹೇಳಿದ್ದರು ಎಂದೆ…

ಸಂಜೆಗೆ ಮಾಸ್ತರರು ಬಂದರು. ಒಳಗೆ ಬರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು, "ಆಕಿನ್ನ ಬೈಬ್ಯಾಡ್ರಿ. ತಪ್ಪು ನಂದೈತಿ" ಎಂದರು. ಅತ್ತೆ ಏನೋ ಹೇಳಲು ಹೋದರು. ಮಾಸ್ತರರು ಅಲ್ಲಿಂದಲೇ ಅವಳಿಗೆ ಕೇಳಿದರು: "ಬೇಟಿ, ಕಣ್ಣ ಮುಚ್ಚಿದಾಗ ಏನಾಗ್ತದ, ಹೇಳು."

ಅಷ್ಟು ತಿಂಗಳಲ್ಲಿ ನಾವ್ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವಳು ಗೋಡೆಯ ಕಡೆಯಿಂದ ತಿರುಗಲಿಲ್ಲ. "ಕಣ್ಣ ಮುಚ್ಚಿದ್ರ ಅವ್ರು ಬಾಜೂಕ ಬಂದ ಕುಂದರ್ತಾರ್ರಿ. ತೆಗದ್ರ ದೂರ ಇರ್ತಾರ" ಎಂದಳು.

ಮುಂದಿನ ಸಲ ಬೆಳಗಾವಿಗೆ ಹೋದಾಗ ಮಾಸ್ತರರೂ ಬಂದರು. ಡಾಕ್ಟರ ಮುಂದೆ ನಿಂತು, ತಾನು ಏನು ಮಾಡಿಸಿದೆ, ಎಷ್ಟು ಹೊತ್ತು ಮಾಡಿಸಿದೆ, ಎಲ್ಲ ಒಪ್ಪಿಸಿದರು. ಡಾಕ್ಟರು ಸಿಟ್ಟಾಗಲಿಲ್ಲ. ಆಸನ ನಡೆಯಲಿ, ಒಳ್ಳೆಯದು; ಆದರೆ ಇವಳಿಗೆ ಕಣ್ಣು ಮುಚ್ಚಿ ಒಬ್ಬಳೇ ಕೂರುವುದು ಬೇಡ; ಗುಳಿಗೆ ಒಂದು ದಿನವೂ ತಪ್ಪಬಾರದು ಎಂದರು. ಗುಳಿಗೆಯ ಪ್ರಮಾಣವನ್ನೂ ಸ್ವಲ್ಪ ಬದಲಿಸಿದರು. ಬಸ್ಸಿನಲ್ಲಿ ಬರುವಾಗ ಮಾಸ್ತರರು ದೇಸೂರು ದಾಟಿದ ಮೇಲೆ ಒಮ್ಮೆ, "ಮನಸ್ಸಿಗೂ ಕುಂದ್ರಾಕ ಒಂದ ಜಾಗಾ ಬೇಕಲ್ಲರೀ" ಎಂದರು.

ಆ ಜಾಗ ನಮ್ಮ ಮನೆಯಲ್ಲೇ ಇತ್ತು. ಒಂದು ಬೆಳಿಗ್ಗೆ ಅವರು ಬೇಗ ಬಂದರು. ಅತ್ತೆ ಲಿಂಗಪೂಜೆಗೆ ಕೂತಿದ್ದರು. ನಮ್ಮ ಪದ್ಧತಿಯಲ್ಲಿ ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದನ್ನೇ ನೋಡುತ್ತ ಕೂರುವುದು. ಮಾಸ್ತರರು ಕಟ್ಟೆಯ ಮೇಲೆ ಕಾದು ಕೂತರು. ಪೂಜೆ ಮುಗಿದ ಮೇಲೆ, "ಅವ್ವಾರ, ನೀವು ಕಣ್ಣ ಮುಚ್ಚೂದ ಇಲ್ಲೇನ್ರಿ?" ಎಂದು ಕೇಳಿದರು.

"ಮುಚ್ಚಿದ್ರ ಕೈಯಾಗಿಂದು ಕಾಣೂದ ಹೆಂಗ್ರೀ ಮಾಸ್ತರ?" ಎಂದರು ಅತ್ತೆ.

ಮಾಸ್ತರರು ತೊಡೆ ತಟ್ಟಿಕೊಂಡರು. "ಮನ್ಯಾಗ ಇಟಗೊಂಡು ನನ್ನ ಕರ್ಯಾಕ ಬಂದಿದ್ರಿ ನೀವು!"

ಆದರೆ ಅದು ಅಷ್ಟು ಸುಲಭವಾಗಲಿಲ್ಲ. ನಾದಿನಿಯ ಕೊರಳಲ್ಲೂ ಲಿಂಗವಿತ್ತು. ಕಾಯಿಲೆ ಬಂದಾಗಿನಿಂದ ಪೂಜೆ ನಿಂತಿತ್ತು. ಮನಸ್ಸು ನೆಟ್ಟಗಿಲ್ಲದವಳು, ಕೈ ಬೇರೆ ನಡುಗುತ್ತದೆ; ಲಿಂಗ ಕೆಳಗೆ ಬಿದ್ದರೆ ಏನು ಗತಿ ಎಂದು ಅತ್ತೆಯೇ ನಿಲ್ಲಿಸಿದ್ದರು. ಲಿಂಗ ಕೈಜಾರುವುದೆಂದರೆ ಅವರಿಗೆ ಸಣ್ಣ ಮಾತಲ್ಲ. ಎರಡು ದಿನ ಅತ್ತೆ ಒಪ್ಪಲಿಲ್ಲ. ಮೂರನೆಯ ದಿನ ಮಗಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎದುರಿಗೆ ಕೂರಿಸಿಕೊಂಡರು. ಅವಳ ಅಂಗೈಯ ಕೆಳಗೆ ತಮ್ಮ ಎರಡೂ ಅಂಗೈ ಹಿಡಿದರು. ಕೈ ನಡುಗಿತು, ಅತ್ತೆಯ ಕೈಯೂ ಅದರ ಜೊತೆಗೆ ನಡುಗಿತು. ಲಿಂಗ ಬೀಳಲಿಲ್ಲ.

ಐದೇ ನಿಮಿಷ. ಕಣ್ಣು ತೆರೆದು, ಮನೆಮಂದಿಯ ನಡುವೆ. ಮಾಸ್ತರರು ಹೊರಗೆ ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕೂತು, ವೇಳೆ ಮುಗಿದ ಕೂಡಲೇ ಕೆಮ್ಮುತ್ತಿದ್ದರು. ಆಮೇಲೆ ಹಿತ್ತಿಲಲ್ಲಿ ಆಸನ, ಆಮೇಲೆ ಗುಳಿಗೆ, ಆಮೇಲೆ ಚಹಾ. ಅತ್ತೆ ತಮ್ಮ ಕೈಯನ್ನು ಯಾವಾಗ ತೆಗೆದರೋ ನನಗೆ ನೆನಪಿಲ್ಲ… ಒಂದು ದಿನ ನೋಡಿದರೆ ಅವಳು ಒಬ್ಬಳೇ ಹಿಡಿದಿದ್ದಳು.

ಸಂಕ್ರಾಂತಿ ಕಳೆದು ವಡಗಾವಿಯವರು ಕೂಸನ್ನು ಕರೆದುಕೊಂಡು ಬಂದರು. ನೋಡಿಕೊಂಡು ಹೋಗಲು ಅಷ್ಟೇ ಎಂದು ಮೊದಲೇ ಹೇಳಿದರು. ಗುಳಿಗೆಯ ಡಬ್ಬಿಯನ್ನು ನಾನು ಜೋಳದ ಚೀಲದ ಹಿಂದೆ ಮುಚ್ಚಿಟ್ಟಿದ್ದೆ. ಕೂಸಿಗೆ ತಾಯಿಯ ಗುರುತು ಸಿಗಲಿಲ್ಲ. ಅಜ್ಜಿಯ ಸೆರಗು ಬಿಡಲಿಲ್ಲ. ನಾದಿನಿ ಒತ್ತಾಯ ಮಾಡದೆ ಚಹಾ ತಂದು ಕೊಟ್ಟಳು. ಬಸಿಯಲ್ಲಿ ಸ್ವಲ್ಪ ಚೆಲ್ಲಿತ್ತು.

"ಇನ್ನೂ ಗುಳಿಗಿ ನುಂಗ್ತೀಯೇನ?" ಎಂದರು ಅವಳ ಅತ್ತೆ.

ಇಲ್ಲ ಎನ್ನು ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. "ನುಂಗತೇನ್ರಿ ಅತ್ತಿ. ಅವರ ಮಾತು ಒಮ್ಮೊಮ್ಮೆ ಇನ್ನೂ ಕೇಳಸ್ತದ, ದೂರದಾಗ. ಕೇಳಿಸಿದ್ರೂ ನನ್ನ ಕೆಲಸಾ ನಾ ಮಾಡ್ತೇನಿ. ಈಗ ಚಹಾ ಮಾಡೂವಾಗನೂ ಕೇಳಸ್ತು."

ಆ ಹೆಂಗಸು ಬಸಿಯನ್ನು ಒಂದು ಸಲ ನೋಡಿದರು, ಇವಳನ್ನು ಒಂದು ಸಲ ನೋಡಿದರು. ಚಹಾ ಕುಡಿದರು. "ಎಂಟ ದಿನಾ ಕೂಸು ಇಲ್ಲೇ ಇರ್ಲಿ" ಎಂದರು. "ಖರೇ ಹೇಳಾಕಿ ಇದ್ದೀ, ಆಗ್ದಿದ್ರ ಆಗೂದಿಲ್ಲ ಅಂತನೂ ಹೇಳ್ತಿ."

ಮೊದಲ ಎರಡು ದಿನ ಕೂಸು ಅತ್ತು ಅತ್ತು ಸಾಕಾಯಿತು. ಮೂರನೆಯ ಬೆಳಿಗ್ಗೆ ಹಿತ್ತಿಲಿಗೆ ಅಂಬೆಗಾಲಿಟ್ಟು ಬಂದು, ಆಸನ ಹಾಕುತ್ತಿದ್ದ ತಾಯಿಯ ಹೊಟ್ಟೆಯ ಕೆಳಗೆ ನುಸುಳಿತು. ಮಾಸ್ತರರು ಎಣಿಸುವುದನ್ನು ನಿಲ್ಲಿಸಿ ಬೇರೆ ಕಡೆ ತಿರುಗಿ ನಿಂತರು. ಎಂಟು ದಿನ ಒಂದು ತಿಂಗಳಾಯಿತು. ಯುಗಾದಿಗೆ ತಾಯಿ ಮಗಳು ಕೂಡಿಯೇ ವಡಗಾವಿಗೆ ಹೋದರು.

ಪೂರಾ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈ ವರ್ಷಗಳಲ್ಲಿ ಎರಡು ಸಲ ಮತ್ತೆ ಕೆಟ್ಟಿತ್ತು. ಒಮ್ಮೆ ಗುಳಿಗೆ ಬಿಟ್ಟದ್ದಕ್ಕೆ, ಒಮ್ಮೆ ಕಾರಣವೇ ತಿಳಿಯದೆ. ಆದರೆ ಕೂಸನ್ನು ಅವಳಿಂದ ಮತ್ತೆ ಯಾರೂ ಬೇರೆ ಮಾಡಲಿಲ್ಲ. ಮತ್ತೆ ಕೆಡುತ್ತಿದೆ ಎಂಬುದು ಅವಳಿಗೆ ತಿಳಿಯುವ ಮುಂಚೆಯೇ ಅವಳ ಅತ್ತೆಗೆ ತಿಳಿಯುತ್ತಿತ್ತು. ತಾವೇ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು.

ಮಾಸ್ತರರು ಮಂಡಿನೋವು ಹೆಚ್ಚಾಗಿ ಲೋಂಡಾದ ಮಗಳ ಮನೆಗೆ ಹೋದರು. ಕಂಬಳಿ ನಮ್ಮಲ್ಲೇ ಉಳಿಯಿತು. ನಮಗೆ ಬೆಳಗಾವಿಗೆ ವರ್ಗವಾಯಿತು, ಅತ್ತೆ ತೀರಿಕೊಂಡರು. ಲೋಂಡಾಕ್ಕೆ ಹೋಗಿ ಮಾತಾಡಿಸಿ ಬರಬೇಕು ಎಂದು ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆವು. ಗಾಡಿ ಹತ್ತಿದರೆ ಎಷ್ಟು ಹೊತ್ತಿನ ದಾರಿ… ಹೋಗಲಿಲ್ಲ. ಹೋದ ವರ್ಷ ಖಾನಾಪುರಕ್ಕೆ ಮದುವೆಗೆ ಹೋದಾಗ, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೊಬ್ಬರು ಮಾತಿನ ನಡುವೆ, ಮಾಸ್ತರರು ತೀರಿಕೊಂಡು ಮೂರು ತಿಂಗಳಾಯಿತು ಎಂದರು. ನಾದಿನಿಯ ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ ಎಂಬುದು ಮಾಸ್ತರರಿಗೆ ಗೊತ್ತಿತ್ತೋ ಇಲ್ಲವೋ. ನಾವಂತೂ ತಿಳಿಸಲಿಲ್ಲ.

ನಾಳೆ ನಾದಿನಿಯನ್ನು ಡಾಕ್ಟರಿಗೆ ತೋರಿಸುವ ದಿನ. ನೆಹರು ನಗರದ ನಮ್ಮ ಮನೆಯಿಂದ ಅವರ ದವಾಖಾನೆ ಹತ್ತಿರ, ಬೆಳಿಗ್ಗೆ ಬೇಗ ಹೋಗಿ ಪಾಳಿ ಹಿಡಿಯಬಹುದು. ಅದಕ್ಕೆ ಸಂಜೆಯೇ ತಾಯಿ ಮಗಳು ಬಂದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಊಟ ಮಾಡಿದೆವು. ಮಗಳು ಮೂರು ರೊಟ್ಟಿ ತಿಂದಳು. ಇಷ್ಟು ದಿನ ಹೇಳಲಾಗದೆ ಉಳಿದಿದ್ದ ಮಾಸ್ತರರ ಸುದ್ದಿಯನ್ನು ನಾನು ಹೇಳಿದೆ. ನಾದಿನಿ, "ವೈನಿ, ಯಾರೂ ಕೇಳದ್ದು ಅವ್ರು ಕೇಳಿದ್ರು ನೋಡ್ರಿ" ಎಂದಳು, ಅಷ್ಟೇ. ಗುಳಿಗೆ ನುಂಗಿ ಮಲಗಿದಳು. ಮಗಳು ಅವಳ ಪಕ್ಕ ಜಡೆ ಬಿಚ್ಚುತ್ತ ಶಾಲೆಯ ಮಾತು ಹೇಳುತ್ತಿದ್ದಳು. ಹೂಂ, ಹೂಂ ಎನ್ನುತ್ತಲೇ ಎಲ್ಲರಿಗಿಂತ ಮೊದಲು ನಾದಿನಿಗೇ ನಿದ್ದೆ ಹತ್ತಿತು.