ಮುದ್ರೆ ಸಾಹೇಬರ ಇನ್ನೂರ ಹನ್ನೆರಡು ಮೀನುಗಳು

ಮುದ್ರೆ ಸಾಹೇಬರು ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರಿವೀಕ್ಷಕರಾಗಿದ್ದವರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳೆಯುವ ಕೋಲುಗಳನ್ನು ಪರೀಕ್ಷಿಸಿ ಸರಿಯಿದ್ದವಕ್ಕೆ ಮುದ್ರೆ ಒತ್ತುವುದು, ಸರಿಯಿಲ್ಲದವನ್ನು ಜಪ್ತಿ ಮಾಡುವುದು ಅವರ ಕೆಲಸ. ನಿವೃತ್ತರಾದ ಎರಡನೆಯ ವರ್ಷ ಮಹಡಿ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂರು ತಿಂಗಳು ಹಾಸಿಗೆಯಲ್ಲಿದ್ದಾಗ ತಂಗಿಯ ಮಗ, ಇಲಾಖೆಯ ಹರಾಜಿನಲ್ಲಿ ಬಂದಿದ್ದ ಹಳೆಯ ಕಂಪ್ಯೂಟರಿಗೆ ಒಂದು ಆಟವನ್ನು ಹಾಕಿಕೊಟ್ಟ. ನದಿ, ದೋಣಿ, ಗಾಳ, ಇನ್ನೂರ ಹನ್ನೆರಡು ಜಾತಿಯ ಮೀನು. ದಡದಲ್ಲಿ ಒಂದು ತಕ್ಕಡಿ. ಸಾಹೇಬರು ಮನಸೋತದ್ದು ಮೀನಿಗಲ್ಲ, ಆ ತಕ್ಕಡಿಗೆ.

ಆಟದ ಬಗ್ಗೆ ಕನ್ನಡದಲ್ಲೊಂದು ವಿಕಿ ಇತ್ತು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಸಾರ್ವಜನಿಕ ಪುಸ್ತಕವದು. ತಿದ್ದುವ ಹಕ್ಕಿರುವ ಕಡೆ ತಪ್ಪುವ ಹಕ್ಕೂ ಇರುತ್ತದೆಂದು ನಮ್ಮ ಜನ ನಂಬಿರುವುದರಿಂದ ಅದರ ಸ್ಥಿತಿ ಹೇಳತೀರದಂತಿತ್ತು. ಒಂದು ಪುಟದಲ್ಲಿ ನಾಲ್ಕು ಕಿಲೋ ತೂಗಿದ ಮೀನು ಮುಂದಿನ ಪುಟದಲ್ಲಿ ಒಂಬತ್ತು ಕಿಲೋ. ಸಾಹೇಬರು ಒಂದೊಂದು ಮೀನನ್ನೂ ಮೂವತ್ತು ಬಾರಿ ಹಿಡಿದು, ತೂಗಿ, ನೋಟ್‌ಬುಕ್ಕಿನಲ್ಲಿ ಬರೆದು, ಅತಿ ಕಡಿಮೆ, ಅತಿ ಹೆಚ್ಚು ಮತ್ತು ಸರಾಸರಿ ತೂಕಗಳ ಕೋಷ್ಟಕ ಸಿದ್ಧಪಡಿಸಿದರು. ಒಂದೇ ವರ್ಷದಲ್ಲಿ ಅವರು ಆ ವಿಕಿಯ ನಿರ್ವಾಹಕರಾದರು. ಮರು ವರ್ಷದಿಂದ ಅಲ್ಲಿ ಅವರೊಬ್ಬರೇ ಉಳಿದರು.

"ಇಲ್ಲದ ನದಿ, ಇಲ್ಲದ ಮೀನು, ಇಲ್ಲದ ತಕ್ಕಡಿ," ಎನ್ನುತ್ತಿದ್ದರು ಅವರ ಜೊತೆಯಲ್ಲೇ ಇದ್ದ ವಿಧವೆ ತಂಗಿ. "ಇರೋದು ನಿನ್ನ ಸಿಟ್ಟೊಂದೇ, ಅಣ್ಣ."

"ಇಲ್ಲದ್ದಾದ್ರೇನು? ಲೆಕ್ಕ ತಪ್ಪಾಗಬಹುದಾ?"

ಈ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ಆಟವಾದ್ದರಿಂದ ಹೇಗಾದರೂ ಬರೆಯಬಹುದು ಎಂದವನು ನಾಳೆ ಔಷಧದ ಚೀಟಿಯ ಮೇಲೂ ಹಾಗೆಯೇ ಬರೆಯುತ್ತಾನೆ.

ಕಳೆದ ವರ್ಷ ಕಣ್ಣಿನ ವೈದ್ಯರು ಸಾಹೇಬರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಎರಡೂ ಕಣ್ಣುಗಳಲ್ಲಿ ನೋಟದ ನಡುಭಾಗ ಹೋಗುತ್ತಿದೆ, ಓದುವ ಶಕ್ತಿ ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ. ವಿಕಿಗೆ ಜಾಗ ಕೊಟ್ಟಿದ್ದ ಕಂಪನಿಯ ನಿಯಮ ಹೀಗಿತ್ತು: ಆರು ತಿಂಗಳು ಯಾವ ನಿರ್ವಾಹಕರೂ ಕೆಲಸ ಮಾಡದಿದ್ದರೆ ಬೀಗ, ಆಮೇಲೆ ಅಳಿಸಿಹಾಕುವುದು. ಸಾಹೇಬರು ಸಾಯುವುದಕ್ಕೆ ಹೆದರಿದವರಲ್ಲ. ಆದರೆ ಇನ್ನೂರ ಹನ್ನೆರಡು ಕೋಷ್ಟಕಗಳನ್ನು ಯಾರ ಕೈಗೆ ಕೊಡುವುದೆಂಬ ಚಿಂತೆ ಅವರನ್ನು ಕಿತ್ತು ತಿನ್ನತೊಡಗಿತು.

ಆ ದಿನಗಳಲ್ಲಿ ಬಂದವಳು ಗುಬ್ಬಚ್ಚಿ. ವಿಕಿಯಲ್ಲಿ ಆಕೆ ಇಟ್ಟುಕೊಂಡ ಹೆಸರದು. ಆಟದೊಳಗಿನ ಬಂದರಿನ ಮೂರನೆಯ ದೀಪದ ಬಗ್ಗೆ ಬಿಟ್ಟುಹೋಗಿದ್ದ ಒಂದು ಸಾಲನ್ನು ಸೇರಿಸಿದ್ದಳು. ಸಾಹೇಬರು ಪರೀಕ್ಷಿಸಿದರು, ಸರಿಯಾಗಿತ್ತು. ಆಧಾರವಾಗಿ ಚಿತ್ರವನ್ನೂ ಹಾಕಿದ್ದಳು. ಅವರು ಕೂಡಲೇ ಸ್ವಾಗತ ಪತ್ರ ಬರೆಯಲು ಕೂತರು: "ತಮ್ಮ ತಿದ್ದುಪಡಿಯನ್ನು ಗಮನಿಸಲಾಗಿದೆ. ಇನ್ನು ಮುಂದೆ ಆಧಾರವಿಲ್ಲದೆ ಏನನ್ನೂ ಸೇರಿಸತಕ್ಕದ್ದಲ್ಲ."

ತಂಗಿ ಹೆಗಲ ಮೇಲಿಂದ ಬಗ್ಗಿ ಓದಿದರು. "ಇದು ಸ್ವಾಗತಾನೋ ನೋಟೀಸೋ? ಅಂಗಡಿಗೆ ಬೀಗ ಜಡಿಯೋಕೆ ಹೊರಟ ಹಾಗಿದೆ. ಬಂದಿದ್ದು ಸಂತೋಷ ಅಂತ ಒಂದು ಸಾಲು ಬರಿ. ನಿನ್ನ ಕೈಯೇನೂ ಸವೆಯಲ್ಲ."

ಬರೆದರು. ಮರುದಿನ ಉತ್ತರ ಬಂತು: "ಸಂತೋಷ ಅಂತ ಬರೆದಿದ್ದೀರಲ್ಲ ಸರ್, ನಿಜಾನಾ?"

ಸಾಹೇಬರು ಅರ್ಧ ಗಂಟೆ ಯೋಚಿಸಿ, "ನಿಜ" ಎಂದು ಉತ್ತರಿಸಿದರು.

ಗುಬ್ಬಚ್ಚಿಗೆ ನಲವತ್ತಾರು ವರ್ಷ. ಆಸ್ಪತ್ರೆಯೊಂದರ ಮುಂಬಾಗಿಲ ವಿಚಾರಣೆ ಮೇಜಿನಲ್ಲಿ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದಳು. ಸಾಹೇಬರು ತಮಗೆ ಬಂದದ್ದನ್ನೆಲ್ಲ ಕಲಿಸಿದರು: ಕಣ್ಣಾರೆ ಕಾಣದ್ದನ್ನು ಬರೆಯಬಾರದು, ಮೂವತ್ತಕ್ಕೆ ಒಂದು ಕಡಿಮೆ ತೂಗಿದರೂ ತೂಗಿದಂತಲ್ಲ, "ಸುಮಾರು" ಎಂಬ ಪದ ಸೋಮಾರಿಗಳದು.

"ಮೂವತ್ತು ಯಾಕೆ ಸರ್? ಇಪ್ಪತ್ತೈದು ಸಾಲಲ್ವಾ?"

"ನಿಮ್ಮ ಆಸ್ಪತ್ರೇಲಿ ಮೂವತ್ತು ಗುಳಿಗೆ ಬರೆದುಕೊಟ್ಟರೆ ಇಪ್ಪತ್ತೈದು ನುಂಗಿ ಅಂತೀರಾ?"

"ಇಡೀ ದಿನ ಜನ ನನ್ನ ಬೈದು ಹೋಗ್ತಾರೆ ಸರ್. ನೀವು ಕಾರಣ ಹೇಳಿ ಬೈತೀರ. ಅಷ್ಟೇ ವ್ಯತ್ಯಾಸ," ಎಂದು ನಗುತ್ತಿದ್ದಳು.

ನಾಲ್ಕು ತಿಂಗಳಲ್ಲಿ ಆಕೆ ದೋಣಿಗಳ ಪುಟಗಳನ್ನೆಲ್ಲ ಒಪ್ಪ ಮಾಡಿದಳು. ಆಕೆಯನ್ನೇ ನಿರ್ವಾಹಕಿಯಾಗಿ ಮಾಡುವುದೆಂದು ಸಾಹೇಬರು ಮನಸ್ಸಿನಲ್ಲೇ ನಿಶ್ಚಯಿಸಿ, ಮೊದಲ ಪರೀಕ್ಷೆಯಾಗಿ ಒಂದು ಮೀನನ್ನು ವಹಿಸಿದರು. ಹಳದಿ ಬಾಲದ ಮೀನು. ಕೋಷ್ಟಕದ ಪ್ರಕಾರ ಅತಿ ಹೆಚ್ಚು ತೂಕ ಐದು ಕಿಲೋ ನಾನೂರು ಗ್ರಾಂ.

ಗುಬ್ಬಚ್ಚಿ ಮೂವತ್ತು ಬಾರಿ ತೂಗಿದಳು. ಅತಿ ಹೆಚ್ಚೆಂದರೆ ಏಳು ಕಿಲೋ ಇನ್ನೂರು ಬಂತು. ಮತ್ತೆ ತೂಗಿ ಎಂದರು ಸಾಹೇಬರು. ಅರವತ್ತು ಬಾರಿ ತೂಗಿ, ಅಷ್ಟೇ ಬಂದದ್ದರಿಂದ ಪುಟವನ್ನು ತಿದ್ದಿದಳು. ಸಾಹೇಬರು ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಮೂವತ್ತು ಬಾರಿ ಮೀನು ಹಿಡಿದು ತೂಗಿದರು. ಐದು ಕಿಲೋ ನಾನೂರು. ಎಂದಿನಂತೆ ಎರಡೇ ಪದ ಬರೆದು ಗುಂಡಿ ಒತ್ತಿದರು: "ಪರಿಶೀಲಿಸಿಲ್ಲ. ರದ್ದು."

ಒಂದು ವಾರ ಫೋನ್ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಕೆಯೇ ಲ್ಯಾಪ್‌ಟಾಪ್ ಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ಎರಡು ಬಸ್ ಬದಲಾಯಿಸಿ ಬಂದಿದ್ದಳು.

"ಕಣ್ಣಾರೆ ಕಾಣಬೇಕು ಅಂದಿದ್ದು ನೀವೇ ಸರ್. ಕಾಣಿ."

ಎರಡು ಯಂತ್ರಗಳನ್ನೂ ಒಂದೇ ಮೇಜಿನ ಮೇಲಿಟ್ಟು ಅದೇ ಮೀನನ್ನು ಮೂವತ್ತು ಮೂವತ್ತು ಬಾರಿ ಹಿಡಿದರು. ಎರಡು ತಕ್ಕಡಿ, ಎರಡು ತೂಕ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗುಬ್ಬಚ್ಚಿ ಬಗ್ಗಿ, ಪರದೆಯ ಕೆಳಗಿನ ಮೂಲೆಯಲ್ಲಿದ್ದ, ಅವರ ಕಣ್ಣಿಗೆ ಎಂದೋ ಕಾಣದಂತಾಗಿದ್ದ ಸಣ್ಣ ಅಂಕಿಗಳನ್ನು ಓದಿದಳು.

"ನಿಮ್ಮದು ಒಂದು ಪಾಯಿಂಟ್ ಎರಡು. ನನ್ನದು ಮೂರನೇ ಆವೃತ್ತಿ. ಆಟ ಶುರುವಾಗೋವಾಗ ಹೊಸ ಆವೃತ್ತಿ ಹಾಕಲಾ ಅಂತ ಕೇಳಲ್ವಾ ಸರ್?"

"ದಿನಾ ಕೇಳುತ್ತೆ."

"ನೀವೇನು ಒತ್ತುತ್ತೀರಿ?"

ಬಾಗಿಲ ಬಳಿ ನಿಂತಿದ್ದ ತಂಗಿಯೇ ಹೇಳಿದರು: "ನಂತರ ಅಂತ ಒತ್ತುತ್ತಾನಮ್ಮ. ಈ ಹಳೇ ಪೆಟ್ಟಿಗೆಗೆ ಹೊಸದು ಹಾಕಿದ್ರೆ ಉಸಿರು ಕಟ್ಟುತ್ತೆ, ಮುಟ್ಟಬೇಡಿ ಮಾವ ಅಂತ ನನ್ನ ಮಗನೇ ಹೇಳಿ ಹೋಗಿದ್ದ."

ಎರಡನೆಯ ಆವೃತ್ತಿ ಬಂದು ಆರು ವರ್ಷ ಎರಡು ತಿಂಗಳಾಗಿತ್ತು. ಮೀನುಗಳ ತೂಕವನ್ನೆಲ್ಲ ಅದರಲ್ಲೇ ಬದಲಿಸಿದ್ದರು. ಎರಡು ಸಾವಿರಕ್ಕೂ ಹೆಚ್ಚು ಬೆಳಗುಗಳಲ್ಲಿ ಒಬ್ಬ ಮನುಷ್ಯನಿಂದ "ನಂತರ" ಎನ್ನಿಸಿಕೊಂಡ ಆಟದ ಕಂಪನಿ, ತಕ್ಕಡಿಯನ್ನೇ ಬದಲಿಸಿದ್ದೇವೆಂಬ ಒಂದು ಸಾಲನ್ನು ಆ ಪ್ರಶ್ನೆಯ ಜೊತೆ ಸೇರಿಸಬಾರದಿತ್ತೇ? ಸೇರಿಸಬೇಕಿತ್ತು. ಅದು ಅವರ ಬೇಜವಾಬ್ದಾರಿ. ಆದರೆ ಸಾಹೇಬರ ತಪ್ಪು ಅದರಿಂದ ಒಂದು ಗುಲಗಂಜಿಯಷ್ಟೂ ಹಗುರವಾಗುವುದಿಲ್ಲ. ಬೇರೆ ಭಾಷೆಗಳ ವಿಕಿಗಳಲ್ಲಿ ಏಳು ಕಿಲೋ ಇನ್ನೂರು ಎಂದಿದ್ದುದನ್ನು ಅವರು ನೋಡಿದ್ದರು. ಒಬ್ಬರದನ್ನೊಬ್ಬರು ನಕಲು ಹೊಡೆದವರೆಂದು ಮೂಗು ಮುರಿದಿದ್ದರು. ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸದವರ ತಕ್ಕಡಿಗಳನ್ನು ಮೂವತ್ತನಾಲ್ಕು ವರ್ಷ ಜಪ್ತಿ ಮಾಡಿದವರು ಅವರು. "ನನ್ನ ತಕ್ಕಡಿ ನೆಟ್ಟಗಿದೆ ಸ್ವಾಮಿ" ಎಂದವರಿಗೆಲ್ಲ, "ನೆಟ್ಟಗಿದೆಯೋ ಇಲ್ಲವೋ ನೀವು ಹೇಳುವ ಹಾಗಿಲ್ಲ" ಎಂದಿದ್ದವರು.

ಗುಬ್ಬಚ್ಚಿ ಚಹಾ ಕುಡಿದು ಹೊರಟಳು. ಸಾಹೇಬರು ಬಾಗಿಲವರೆಗೂ ಬಂದರು. ಕ್ಷಮಿಸಿ ಎನ್ನುವ ಬದಲು ಬಸ್ ಎಷ್ಟು ಗಂಟೆಗೆ ಎಂದು ಕೇಳಿದರು.

ಮಾರನೆಯ ದಿನದಿಂದ ಅವರು ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ರದ್ದು ಮಾಡಿದ ತಿದ್ದುಪಡಿಗಳನ್ನು ಪುಟಗಳ ಇತಿಹಾಸದಿಂದ ಒಂದೊಂದಾಗಿ ಓದಿಸಿದರು. ನಾಲ್ಕು ದಿನ ಹಿಡಿಯಿತು. ಮೂವತ್ತೆಂಟು ಜನ. ಬೇರೆ ಭಾಷೆಗಳ ವಿಕಿಗಳ ಜೊತೆ ಹೋಲಿಸಿ ನೋಡಿದರೆ ಅವರಲ್ಲಿ ಮೂವತ್ತೊಂದು ಜನ ಬರೆದದ್ದು ಸರಿಯಾಗಿತ್ತು. ಒಬ್ಬ ಒಂದೇ ಮೀನನ್ನು ನಾಲ್ಕು ಬಾರಿ ತಿದ್ದಿದ್ದ. ನಾಲ್ಕು ಬಾರಿಯೂ ರದ್ದು. ಇನ್ನೊಬ್ಬರು ನಾಲ್ಕು ವರ್ಷದ ಹಿಂದೆ ಚರ್ಚೆಪುಟದಲ್ಲಿ ಬರೆದಿದ್ದುದನ್ನು ತಂಗಿ ನಿಧಾನವಾಗಿ ಓದಿದರು.

"'ಸರ್, ನನಗೆ ಹುಷಾರಿಲ್ಲ, ಮಲಗಿದಲ್ಲೇ ಇರ್ತೀನಿ. ಸಮಯ ಬೇಕಾದಷ್ಟಿದೆ. ಯಾವ ಮೀನು ಹೇಳಿದ್ರೂ ತೂಗಿ ಕೊಡ್ತೀನಿ.'"

"ನಾನೇನು ಬರೆದಿದ್ದೀನಿ?"

"ಬಿಡು ಅಣ್ಣ."

"ಓದು."

"'ಅಗತ್ಯವಿಲ್ಲ.'"

ಆ ವ್ಯಕ್ತಿ ಆಮೇಲೆ ಮತ್ತೆಂದೂ ಅಲ್ಲಿಗೆ ಬಂದಿರಲಿಲ್ಲ. ಗಂಡಸೋ ಹೆಂಗಸೋ, ಗುಣವಾಯಿತೋ ಇಲ್ಲವೋ, ತಿಳಿಯುವ ದಾರಿ ಇರಲಿಲ್ಲ.

ಸಾಹೇಬರು ಮೂವತ್ತೊಂದು ಜನರಿಗೂ ಪ್ರತ್ಯೇಕವಾಗಿ, ಮೀನಿನ ಹೆಸರು, ದಿನಾಂಕ, ಸರಿಯಾದ ತೂಕ ನಮೂದಿಸಿ ಕ್ಷಮಾಪಣೆ ಬರೆಸಿದರು. ಮೂರು ವಾರ ಕಾದರು. ಬಂದದ್ದು ಒಂದು ಉತ್ತರ. ಅದರಲ್ಲಿದ್ದದ್ದು ಇಷ್ಟು: "ಯಾವ ಆಟ?"

ಆ ಸಂಜೆ ಅವರು ಗುಬ್ಬಚ್ಚಿಗೆ ಫೋನ್ ಮಾಡಿಸಿದರು. ನೋಟ ಇನ್ನಷ್ಟು ಮಸುಕಾಗಿತ್ತು. ಅಂಕಿಯೊತ್ತಲು ತಂಗಿಯೇ ಬೇಕಾಗಿತ್ತು.

"ತಾವು ವಿಕಿಯನ್ನು ವಹಿಸಿಕೊಳ್ಳಬೇಕು. ಇದು ಆಜ್ಞೆಯಲ್ಲ, ಕೋರಿಕೆ."

ಆ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. ಯಾರೋ ಎಕ್ಸ್‌ರೇ ಕೋಣೆ ಎಲ್ಲಿ ಎಂದು ಕೂಗುತ್ತಿದ್ದರು. ಆಕೆ ಅವರಿಗೆ ದಾರಿ ಹೇಳಿ ಮತ್ತೆ ಮಾತಿಗೆ ಬಂದಳು.

"ದಿನಕ್ಕೊಂದು ಮೀನು ತೂಗೋಕಾಗುತ್ತೆ ಸರ್. ಅದಕ್ಕಿಂತ ಹೆಚ್ಚಿಲ್ಲ. ಆದ್ರೆ ಒಂದು ಮಾತು. ಆ ರದ್ದು ಗುಂಡಿ ನಿಮ್ಮ ಕೈಲಿರೋವರೆಗೂ ನಾನು ಬರಲ್ಲ. ಬೇಜಾರು ಮಾಡ್ಕೋಬೇಡಿ. ಆ ಒಂದು ವಾರ ನನಗೆ ಎರಡು ಕಡೆ ಬೈಸಿಕೊಂಡ ಹಾಗಾಯ್ತು. ಈ ಸಲ ನೀವು ಕಾರಣಾನೂ ಹೇಳಲಿಲ್ಲ."

"ಸರಿ," ಎಂದರು ಸಾಹೇಬರು.

ನಿರ್ವಾಹಕ ಸ್ಥಾನ ಬಿಟ್ಟುಕೊಡಲು ಕಂಪನಿಯದೊಂದು ಅರ್ಜಿ ಇತ್ತು. ಮರುದಿನ ತಂಗಿ ಅದನ್ನು ತುಂಬಲು ಕೂತರು. ಹೆಸರು, ಸೇರಿದ ದಿನ, ಉತ್ತರಾಧಿಕಾರಿ ಎಲ್ಲ ಆಯಿತು. ಕೊನೆಯ ಸಾಲು ಬಾಕಿ.

"ಕಾರಣ ಅಂತ ಇದೆ ಅಣ್ಣ. ಆರೋಗ್ಯ ಅಂತ ಹಾಕ್ತೀನಿ. ಸುಳ್ಳೇನಲ್ಲವಲ್ಲ."

ಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅಲ್ಲಿ ಅವರಿಗೆ ಈಗ ಕಾಣುತ್ತಿದ್ದದ್ದು ಅಂಚಿನ ಬೆಳಕು ಮಾತ್ರ.

"ಕಣ್ಣು ಹೋಗಿದ್ದು ಈ ವರ್ಷ. ತಪ್ಪು ಆರು ವರ್ಷದ್ದು. ತಪ್ಪು ಅಂತಲೇ ಬರಿ."

"ಯಾರು ಓದ್ತಾರೆ ಇದನ್ನ?"

"ಯಾರೂ ಓದಲ್ಲ. ಬರಿ."

ತಂಗಿ ಬರೆದು ಓದಿ ಹೇಳಿದರು: "ಆರು ವರ್ಷ ಎರಡು ತಿಂಗಳ ಕಾಲ ತಪ್ಪು ತೂಕ ದಾಖಲಿಸಿ, ಸರಿ ಹೇಳಿದವರನ್ನು ಹೊರಗೆ ಕಳಿಸಿದ್ದಕ್ಕಾಗಿ."

"ಎರಡು ತಿಂಗಳಲ್ಲ," ಎಂದರು ಸಾಹೇಬರು. "ಈಗ ಮೂರಾಯಿತು."

ತಂಗಿ ಅದನ್ನೂ ತಿದ್ದಿ ಅರ್ಜಿಯನ್ನು ಕಳಿಸಿದರು.