ಆರನೇ ನೋಟ್‌ಬುಕ್ಕು

ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಟೈಪಕ್ಕ. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ, ಅದೇ ಸೊಂಟನೋವು. ಕರಪತ್ರ, ಪಾಠದ ಪುಸ್ತಕ, ಏನು ಕೊಟ್ಟರೂ ಸಂಜೆಯೊಳಗೆ ಕುಟ್ಟಿ ಬಿಸಾಕುತ್ತಿದ್ದಳು. ಆದರೆ ಅವಳ ಗತ್ತೆಲ್ಲ ಇದ್ದದ್ದು ಒಂದೇ ಕೆಲಸದಲ್ಲಿ. ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತರೊಬ್ಬರು ಗ್ರಹದಿಂದ ಗ್ರಹಕ್ಕೆ ಹಾರುವ ಸಾಹಸದ ಕಾದಂಬರಿಗಳನ್ನು ಒಂದರ ಹಿಂದೊಂದು ಬರೆಯುತ್ತಿದ್ದರು. ಅವರ ಕೈಬರಹ ಓದುವವಳು ಅವಳೊಬ್ಬಳೇ. ಕಾಗೆ ಕಾಲು ಗುಬ್ಬಿ ಕಾಲು ಅಂತಾರಲ್ಲ, ಇದರ ಮುಂದೆ ಅದೂ ವಾಸಿ!

ಒಮ್ಮೆ ಅವರು ಎರಡು ಚಂದ್ರ ಅಂತ ಬರೆದದ್ದನ್ನು ಅವಳು ಏಳು ಅಂತ ಕುಟ್ಟಿ, ಅದು ಅಚ್ಚಾಗಿಯೇ ಹೋಯಿತು. ಅಳುಮುಖ ಮಾಡಿಕೊಂಡು ನಿಂತರೆ, "ಬಿಡಮ್ಮ, ಇನ್ನೈದು ಚಂದ್ರ ನಾನೇ ಎಲ್ಲಾದರೂ ಹುಡುಕಿಕೊಳ್ತೀನಿ" ಅಂದರಂತೆ ಆ ಪುಣ್ಯಾತ್ಮರು. ಅಂದಿನಿಂದ ಅವರು ಅವಳಿಗೆ ಅಣ್ಣ, ಅವರ ಹೆಂಡತಿ ಅತ್ತಿಗೆ.

ಹತ್ತೊಂಬತ್ತು ಪುಸ್ತಕ ಮುಗಿದವು. ಇಪ್ಪತ್ತನೆಯದೇ ಕೊನೆಯದು. ಅದರ ಐದು ನೋಟ್‌ಬುಕ್ಕು ಕೈಸೇರಿದ ಮೇಲೆ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಕಥೆಯಲ್ಲಿ ನೌಕೆಯ ಕ್ಯಾಪ್ಟನ್ನೂ ಅವಳ ಮಗಳೂ ಒಂದು ಬರಡು ಗ್ರಹದಲ್ಲಿ ಸಿಕ್ಕಿಬಿದ್ದಿದ್ದರು. ಉಸಿರಾಡಲು ಉಳಿದಿದ್ದ ಗಾಳಿ ಮೂರೇ ಗಂಟೆಯದು.

ಏಳು ತಿಂಗಳ ಮೇಲೆ ಅತ್ತಿಗೆ ಆರನೇ ನೋಟ್‌ಬುಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರೆಸ್ಸಿಗೆ ಬಂದರು. "ಎಡಗೈಯಲ್ಲೇ ಬರೆದರು ಕಣಮ್ಮ. ಡಾಕ್ಟರು ಇನ್ನು ಕೆಲವೇ ದಿನ ಅಂದುಬಿಟ್ಟಿದಾರೆ. ಭಾನುವಾರ ಬಂದು ಓದಿ ಹೇಳ್ತೀಯಾ? ಅದಕ್ಕೇ ಜೀವ ಹಿಡ್ಕೊಂಡಿದಾರೆ."

ಅತ್ತಿಗೆ ಹೋದ ಮೇಲೆ ಅವಳು ನೋಟ್‌ಬುಕ್ಕು ತೆರೆದಳು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಭೂತಗನ್ನಡಿ ಹಿಡಿದಳು, ಹಾಳೆಯನ್ನು ಕಿಟಕಿಗೆ ಒಡ್ಡಿದಳು, ಉಹೂಂ. ತನ್ನ ಕಣ್ಣೇ ಕೈಕೊಟ್ಟಿತೇನೋ ಎಂದು ಐದನೆಯದನ್ನು ತೆಗೆದರೆ ಅದು ನೀರು ಕುಡಿದಷ್ಟು ಸಲೀಸಾಗಿ ಓದಿಸಿಕೊಂಡಿತು. ಆರನೆಯದರಲ್ಲಿ ಅಕ್ಷರವೇ ಇರಲಿಲ್ಲ. ಇಪ್ಪತ್ತೆಂಟು ಪುಟದ ತುಂಬ ಬರೀ ಗೀಟು.

"ನೀನೇ ಏನಾದರೂ ಸೇರಿಸಿ ಮುಗಿಸು, ಯಾರಿಗೆ ಗೊತ್ತಾಗತ್ತೆ?" ಅಂದರು ಪ್ರೆಸ್ಸಿನ ಯಜಮಾನರು.

"ಅಣ್ಣನಿಗೆ ಗೊತ್ತಾಗತ್ತೆ," ಅಂದಳು. ಆದರೆ ಬರೆದದ್ದೆಲ್ಲ ಗೀಚು ಅಂತ ಸಾಯುವ ಮನುಷ್ಯನ ಎದುರು ಯಾವ ಬಾಯಲ್ಲಿ ಹೇಳುವುದು?

ಭಾನುವಾರ ಹೋದಳು. ಅಣ್ಣ ದಿಂಬಿಗೆ ಒರಗಿ ಅವಳನ್ನೇ ಕಾಯುತ್ತಿದ್ದರು. ಅವಳು ನೋಟ್‌ಬುಕ್ಕು ತೆರೆದು, ಓದುತ್ತಿರುವವಳ ಹಾಗೆ ಶುರು ಮಾಡಿದಳು: "ಕ್ಯಾಪ್ಟನ್ ಮಗಳ ಕೈ ಹಿಡಿದಳು. ಗಾಳಿ ಕಮ್ಮಿಯಾಗುತ್ತಿತ್ತು." ಅಷ್ಟೇ, ಮುಂದೇನೂ ಹೊಳೆಯಲಿಲ್ಲ. ಆ ಇಬ್ಬರನ್ನು ಅಲ್ಲಿಂದ ಪಾರುಮಾಡುವುದು ಹೇಗೆ? ಕಥೆ ಕುಟ್ಟುವುದು ಗೊತ್ತು, ಕಟ್ಟುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ.

"ಅಣ್ಣಾ, ನನ್ನ ಕೈಲಿ ಆಗ್ತಿಲ್ಲ," ಅಂದು ಅತ್ತುಬಿಟ್ಟಳು.

ಅಣ್ಣ ಎಡಗೈ ಚಾಚಿ ನೋಟ್‌ಬುಕ್ಕನ್ನು ಎದೆಯ ಹತ್ತಿರ ಎಳೆದುಕೊಂಡರು. ಮೊದಲ ಗೀಟಿನ ಮೇಲೆ ಬೆರಳಿಟ್ಟು ಓದತೊಡಗಿದರು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಸಾಲು ಮುಗಿದರೆ ಮುಂದಿನ ಸಾಲು, ಪುಟ ಮುಗಿದರೆ ಮುಂದಿನ ಪುಟ. ಒಂದು ಕಡೆ ಹುಬ್ಬು ಗಂಟಾಯಿತು. ಇನ್ನೊಂದು ಕಡೆ ಸ್ವಾಧೀನವಿದ್ದ ಅರ್ಧ ಬಾಯಿ ನಕ್ಕಿತು. ಹದಿನೇಳನೇ ಪುಟದಲ್ಲಿ, ಹೇಗಿದೆ ನೋಡು ಅನ್ನುವ ಹಾಗೆ ಅವಳ ಮೊಣಕೈ ತಟ್ಟಿದರು. ಗಾಳಿ ಮುಗಿದದ್ದು ಎಲ್ಲಿ, ಪಾರಾಗುವ ದಾರಿ ತೆರೆದದ್ದು ಎಲ್ಲಿ ಎಂದು ಅವಳು ಅವರ ಮುಖದಲ್ಲೇ ಹುಡುಕಿದಳು.

ಕೊನೆಯ ಪುಟ ಮುಗಿಸಿ ಅವರು ನೀಳವಾಗಿ ಉಸಿರುಬಿಟ್ಟು, ಹಗುರಾದವರಂತೆ ದಿಂಬಿಗೆ ಒರಗಿದರು.

ಕಾಲ ಬಳಿ ಕುಳಿತಿದ್ದ ಅತ್ತಿಗೆಗೆ ತಡೆಯಲಾಗಲಿಲ್ಲ. "ಬದುಕಿದರೇನಮ್ಮ ಇಬ್ಬರೂ?"

"ಬದುಕಿದರು ಅತ್ತಿಗೆ."

"ಹೇಗೆ?"

ಅಣ್ಣ ಅವಳ ಕಡೆ ತಿರುಗಿ, ನೀನೇ ಹೇಳು ಎನ್ನುವಂತೆ ಗದ್ದ ಆಡಿಸಿದರು.